ಬಾನೆಟ್ಟಿನೊಳಗಿನ ಗೆಜ್ಜೆವಸ್ತ್ರ

ನಮ್ಮ ಅತ್ತೆಯ ಕೈಗಳು ಸುಮ್ಮನಿದ್ದದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಮರಾಠಿ ಧಾರಾವಾಹಿ ಹಚ್ಚಿಕೊಂಡು ಕೂತರೆಂದರೆ ಕಣ್ಣು ಟಿವಿಯ ಮೇಲೆ, ಬೆರಳು ಹತ್ತಿಯ ಮೇಲೆ. ಬೆರಳನ್ನು ಹಾಲಿನಲ್ಲಿ ಅದ್ದಿ, ಹತ್ತಿಯನ್ನು ಎಳೆದು ಹೊಸೆದು, ನಡುನಡುವೆ ಸಣ್ಣ ಉಬ್ಬು ಬಿಟ್ಟು, ಕುಂಕುಮದ ಬೊಟ್ಟಿಟ್ಟು ದೇವರಿಗೆ ಏರಿಸುವ ಗೆಜ್ಜೆವಸ್ತ್ರ ಮಾಡುತ್ತಿದ್ದರು. ಧಾರಾವಾಹಿಯ ಸೊಸೆ ಅತ್ತ ದಿನ ವಸ್ತ್ರ ಗೇಣುದ್ದ ಹೆಚ್ಚಾಗುತ್ತಿತ್ತು. ಧಾರವಾಡ ಬಿಟ್ಟು ಚಿಂಚವಾಡಕ್ಕೆ ಬಂದು ಅರ್ಧ ಆಯುಷ್ಯ ಕಳೆದರೂ ಹತ್ತಿ ಮಾತ್ರ ಊರಿನದೇ ಆಗಬೇಕು. ಅಲ್ಲಿಂದ ಯಾರೇ ಬರಲಿ, ಮೊದಲು ಕೇಳುತ್ತಿದ್ದದ್ದು ಅದನ್ನೇ.

ಖಂಡೇನವಮಿ ಬಂದರೆ ಈ ವಸ್ತ್ರಗಳಿಗೆ ಸುಗ್ಗಿ. ಆಯುಧಪೂಜೆ ಎಂದರೆ ನಮ್ಮ ಮನೆಯಲ್ಲಿ ಮಿಕ್ಸರಿಗೂ ಬಿಡುಗಡೆ ಇಲ್ಲ. ಈಳಿಗೆಮಣೆ, ಹೊಲಿಗೆ ಯಂತ್ರ, ವಾಷಿಂಗ್ ಮಷೀನು, ನನ್ನ ಗಂಡನ ಲ್ಯಾಪ್‌ಟಾಪು, ನಾನು ಬ್ಯಾಂಕಿನಲ್ಲಿ ಬಳಸುವ ಪೆನ್ನು, ಎಲ್ಲದರ ಕೊರಳಿಗೂ ಒಂದೊಂದು. ಕಾರಿನದು ಎಲ್ಲಕ್ಕಿಂತ ಉದ್ದ. ಅದನ್ನು ಅವರು ಮುಂಭಾಗಕ್ಕೆ ಕಟ್ಟುತ್ತಿರಲಿಲ್ಲ, ಬಾನೆಟ್ ತೆಗೆಸಿ ಎಂಜಿನ್ನಿನ ಮೇಲೆ ಏರಿಸುತ್ತಿದ್ದರು.

"ಜೀವ ಒಳಗಿರ್ತದ," ಅನ್ನುತ್ತಿದ್ದರು. "ಹೊರಗಿನ ಮುಖಕ್ಕ ಹಾರ ಹಾಕಿದ್ರ ಅದು ಬರೇ ಶೃಂಗಾರ ಆತು."

ದೇವರ ಮೇಲಿನದನ್ನು ಮರುದಿನವೇ ನಿರ್ಮಾಲ್ಯವೆಂದು ತೆಗೆಯುವ ಅತ್ತೆ ಕಾರಿನದನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಅದು ರಕ್ಷೆಯಂತೆ, ತಾನಾಗಿ ಸವೆದು ಹೋಗಬೇಕಂತೆ. ಚಾಕಣದ ಕಡೆ ಕಾರುಗಳಿಗೆ ವೈರಿಂಗ್ ಕಟ್ಟಿಕೊಡುವ ಕಾರ್ಖಾನೆಯಲ್ಲಿ ನನ್ನ ಗಂಡ ಗುಣಮಟ್ಟ ನೋಡುವ ಇಂಜಿನಿಯರು. ಬಿಸಿಯಾಗುವ ಎಂಜಿನ್ನಿನ ಮೇಲೆ ತಾಯಿ ಹತ್ತಿ ಇಡುವಾಗ ಅವರು ಬಾನೆಟ್ ಹಿಡಿದುಕೊಂಡು ಆಕಾಶ ನೋಡುತ್ತ ನಿಂತಿರುತ್ತಿದ್ದರು. ಮನೆಯಲ್ಲಿ ತಾಯಿಗೆ ಎದುರು ಮಾತಾಡುವ ಮಗನಲ್ಲ. ಹೊರಗೆ ಯಾರಿಗಾದರೂ ಆಡುತ್ತಾರೋ ಎಂದರೆ ಅದೂ ಇಲ್ಲ.

ನಾನು ಹೇಳಹೊರಟ ವರ್ಷ ಅತ್ತೆ ಕಾರಿನ ವಸ್ತ್ರಕ್ಕೆ ಕುಂಕುಮ ಒಂದು, ಅರಿಷಿಣ ಒಂದು ಹೀಗೆ ಬೊಟ್ಟು ಬದಲಿಸಿ ಬದಲಿಸಿ ಇಟ್ಟಿದ್ದರು. "ಹೊಸ ಫ್ಯಾಷನ್ ಏನ್ರಿ ಅತ್ತಿಯವರ?" ಎಂದು ಚಾಷ್ಟಿ ಮಾಡಿದ್ದೆ. ಕುಂಕುಮದ ಭರಣಿ ಬರಿದಾಗಿತ್ತು, ಅಷ್ಟೇ.

ದೀಪಾವಳಿ ಮುಗಿದ ಮೇಲಿನ ಒಂದು ರವಿವಾರ ಚಾಕಣದಲ್ಲಿ ಬಳಗದವರ ವಾಸ್ತುಶಾಂತಿ ಇತ್ತು. ಇವರು ಕಾರು ನಡೆಸುತ್ತಿದ್ದರು, ಪಕ್ಕದಲ್ಲಿ ನಾನು, ಹಿಂದೆ ಅತ್ತೆ, ಅವರ ತೊಡೆಯ ಮೇಲೆ ಬೇಸನ್ ಉಂಡಿಯ ಸ್ಟೀಲಿನ ಡಬ್ಬಿ. ಭೋಸರಿಯ ಗದ್ದಲ ದಾಟಿ ಸ್ವಲ್ಪ ಮುಂದೆ ಹೋಗಿದ್ದೆವು. ಹಾಡಹಗಲು, ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಇದ್ದಕ್ಕಿದ್ದಂತೆ ಗಾಜಿನ ಮೇಲೆ ವೈಪರುಗಳು ತಾವಾಗಿಯೇ ಆಡತೊಡಗಿದವು. ಒಣ ಗಾಜಿನ ಮೇಲೆ ಕರಕರ ಎಂದು ಎಡಕ್ಕೆ, ಬಲಕ್ಕೆ. ಇವರು ಗುಂಡಿ ತಿರುಗಿಸಿದರು, ನಿಲ್ಲಲಿಲ್ಲ.

"ನಿನ್ನ ಗಾಡಿಗೆ ಅರಳುಮರಳೇನೋ?" ಎಂದು ಅತ್ತೆ ಹಿಂದಿನಿಂದ ನಕ್ಕರು.

ನಾನೂ ನಕ್ಕೆ. ಇವರು ನಗಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು. ರೇಡಿಯೋ ಸತ್ತಿತು, ಇಸ್ತ್ರಿಪೆಟ್ಟಿಗೆಯ ವಾಯರು ಸುಟ್ಟಾಗ ಬರುವ ವಾಸನೆ ಬಂತು, ಬಾನೆಟ್ಟಿನ ಅಂಚಿನಿಂದ ಎಳೆ ಎಳೆಯಾಗಿ ಹೊಗೆ ಎದ್ದಿತು. ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಇಬ್ಬರೂ ಇಳಿದೆವು. ಹಿಂದಿನ ಬಾಗಿಲು ತೆಗೆಯಲು ಹೋದರೆ ತೆಗೆಯಲೊಲ್ಲದು. ಒಳಗಿನಿಂದ ಅತ್ತೆ ಗಾಜು ಬಡಿಯುತ್ತಿದ್ದಾರೆ, ಹೊರಗಿನಿಂದ ನಾನು ಬಡಿಯುತ್ತಿದ್ದೇನೆ, ಲಾಕು ಎಲ್ಲ ಬಾಗಿಲಿಗೂ ಬಿದ್ದುಬಿಟ್ಟಿದೆ. ತೆರೆದೇ ಇದ್ದ ತಮ್ಮ ಬಾಗಿಲಿನಿಂದ ಇವರು ಮತ್ತೆ ಒಳಗೆ ನುಗ್ಗಿ, ಮುಂದಿನ ಎರಡು ಸೀಟುಗಳ ನಡುವಿನಿಂದ ತಾಯಿಯನ್ನು ಎಳೆದು ತಂದರು. ಉಂಡಿಯ ಡಬ್ಬಿ ಒಳಗೇ ಉಳಿಯಿತು.

ಟೆಂಪೊ ನಿಲ್ಲಿಸಿದ ಒಬ್ಬ ಚಾಲಕ, "ಬಾನೆಟ್ ಉಘಡೂ ನಕಾ!" ಎಂದು ಕೂಗಿದ. ತೆರೆದರೆ ಗಾಳಿ ಸಿಕ್ಕು ಬೆಂಕಿ ಏರುತ್ತದೆ, ತೆರೆಯಬೇಡಿ ಎಂದು. ತೆರೆಯದಿದ್ದರೂ ಅದು ಏರಿತು. ಆಗ ಹಾರ್ನ್ ತಾನಾಗಿಯೇ ಒದರತೊಡಗಿತು. ಒಳಗೆ ಯಾರೂ ಇಲ್ಲ, ಯಾರೂ ಒತ್ತುತ್ತಿಲ್ಲ, ಉರಿಯುವ ಕಾರು ಒಂದೇ ಸಮನೆ ಕೂಗುತ್ತಿದೆ. ಬರಬರುತ್ತ ದನಿ ಇಳಿದು, ಗಂಟಲು ಕಟ್ಟಿದವರ ಹಾಗೆ ಆಗಿ, ನಿಂತಿತು. ಬೆಂಕಿಗಿಂತ ನನಗೆ ಹೆದರಿಕೆಯಾದದ್ದು ಆ ದನಿ ನಿಂತಾಗ.

ಅತ್ತೆಯ ಮೊಳಕೈ ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ದೇವರು ದೊಡ್ಡವನು ಎಂದು ಬಂದವರೆಲ್ಲ ಹೇಳಿದರು, ನಾವೂ ಹೇಳಿದೆವು.

ಸುಟ್ಟ ಕಾರನ್ನು ಭೋಸರಿಯ ಒಂದು ಅಂಗಳದಲ್ಲಿ ತಂದಿಟ್ಟಿದ್ದರು. ವಿಮೆಯ ಕಡೆಯಿಂದ ತಪಾಸಣೆಗೆ ಮನುಷ್ಯ ಬರುತ್ತಾನೆ ಎಂದಾಗ ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದರು. ಒಮ್ಮೆ ಮುಖ ನೋಡಬೇಕಂತೆ. ಮುಖವೆಲ್ಲಿತ್ತು? ಮುಂಭಾಗ ಕಪ್ಪು ಗುಹೆಯಾಗಿತ್ತು. ಆ ಮನುಷ್ಯ ಟಾರ್ಚ್ ಹಾಕಿ ಒಳಗೆ ನೋಡುತ್ತ, ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಮರಾಠಿಯಲ್ಲಿ ಕೇಳುತ್ತಿದ್ದ. ಕಂಪನಿಯದಲ್ಲದ ಲೈಟು ಹೊರಗೆ ಹಾಕಿಸಿದ್ದಿರಾ? ಇಲಿ ಓಡಾಡುತ್ತಿತ್ತೇ? ಆಮೇಲೆ, "ಆತ್ ಕಾಹೀ ಕಪಡಾ, ಕಾಪೂಸ ರಾಹಿಲಾ ಹೋತಾ ಕಾ?" ಒಳಗೆ ಬಟ್ಟೆ, ಹತ್ತಿ ಏನಾದರೂ ಉಳಿದಿತ್ತೇ? ಗ್ಯಾರೇಜಿನವರು ಒರೆಸುವ ಅರಿವೆ ಮರೆತು ಬಿಡುವುದುಂಟು, ಅದಕ್ಕಾಗಿ ಕೇಳಿದ್ದು.

ಅತ್ತೆ ತರಗತಿಯಲ್ಲಿ ಎದ್ದು ನಿಂತ ಹುಡುಗಿಯ ಹಾಗೆ ಕೈ ಎತ್ತಿದರು. "ಹೋಯ್. ಕಾಪೂಸ ಹೋತಾ. ಮೀಚ ಠೇವಲಾ." ಹೌದು, ಹತ್ತಿ ಇತ್ತು, ಇಟ್ಟವಳು ನಾನೇ.

ಆತ ಒಂದು ಗಳಿಗೆ ಅವರನ್ನು ನೋಡಿ, "ಆಜಿ, ಅದರಿಂದಲೇ ಅಂತ ಹೇಳೋಕಾಗಲ್ಲ" ಎಂದು ಮೆತ್ತಗೆ ಮರಾಠಿಯಲ್ಲಿ ಅಂದ. ಅದರಿಂದಲ್ಲ ಎಂದೂ ಹೇಳಲಿಲ್ಲ. ನಾನು ಗಂಡನ ಮುಖ ನೋಡಿದೆ. ವೈರಿಂಗೇ ಅನ್ನ ಹಾಕುವ ಮನುಷ್ಯ, ಈಗಲಾದರೂ ಒಂದು ಮಾತು ಆಡಲಿ ಎಂದು. ಅವರು ನೆಲ ನೋಡುತ್ತಿದ್ದರು.

ಅಂದಿನಿಂದ ಅತ್ತೆಯ ಕೈಗಳು ಸುಮ್ಮನಾದವು. ಟಿವಿಯ ಮುಂದೆ ಕೂರುತ್ತಿದ್ದರು, ಬೆರಳುಗಳು ಮಡಿಲಲ್ಲಿ ಬಿದ್ದಿರುತ್ತಿದ್ದವು. ಹತ್ತಿಯ ಡಬ್ಬಿಯನ್ನು ಅಟ್ಟದ ಮೇಲೆ ಇಡಿಸಿದರು. ದೇವರ ದೀಪ ಹಚ್ಚುವುದನ್ನು ನನಗೆ ವಹಿಸಿದರು. ಬ್ಯಾಂಕಿಗೆ ಹೋಗುವ ಗಡಿಬಿಡಿಯಲ್ಲಿ ನಾನು ಗೊಣಗಿದರೆ, "ನನ್ನ ಕೈಯಾಗ ಬೆಂಕಿ ಕೊಡಬ್ಯಾಡವಾ" ಅಂದರು. ಆಮೇಲೆ ನಾನು ಗೊಣಗಲಿಲ್ಲ.

ಸಂಜೆ ಕೆಳಗೆ ಕಟ್ಟೆಯ ಮೇಲೆ ಕೂರಲು ಹೋಗುತ್ತಿದ್ದವರು ಈಗ ಪಾರ್ಕಿಂಗಿನಲ್ಲಿ ತಿರುಗತೊಡಗಿದರು. ಆಗಷ್ಟೇ ಬಂದು ನಿಂತ ಕಾರುಗಳ ಬಾನೆಟ್ಟಿನ ಮೇಲೆ, ಮಗುವಿಗೆ ಜ್ವರ ಇದೆಯೋ ಎಂದು ನೋಡುವ ಹಾಗೆ ಅಂಗೈ ಇಟ್ಟು ನಿಲ್ಲುತ್ತಿದ್ದರು. ಓಡಿ ಬಂದ ಕಾರು ಬಿಸಿ ಇರದೆ ಇನ್ನೇನು? ಪ್ರತಿಯೊಂದೂ ಅವರಿಗೆ ಕೆಂಡದಂತೆ ಕಾಣುತ್ತಿತ್ತು. "ಆಜಿ, ಕಾಯ್ ಬಘತಾಯ್?" ಎಂದು ವಾಚಮನ್ ನಗುತ್ತಿದ್ದ. ಏನು ನೋಡುತ್ತಿದ್ದೀರಿ ಅಜ್ಜಿ ಎಂದು. ಮೊದಮೊದಲು ನನಗೂ ನಗು ಬರುತ್ತಿತ್ತು. ಒಂದು ದಿನ ಮೇಲಿನಿಂದ ಬಗ್ಗಿ ನೋಡಿದರೆ, ಅಷ್ಟು ಕಾರುಗಳ ನಡುವೆ ಅವರೊಬ್ಬರೇ, ಒಂದರ ಮೇಲೆ ಕೈಯಿಟ್ಟು ಕಿವಿ ಹತ್ತಿರ ತಂದು ಏನನ್ನೋ ಕೇಳಿಸಿಕೊಳ್ಳುತ್ತಿದ್ದರು. ನಾನು ಕೆಳಗಿಳಿದು ಹೋಗಿ ಅವರನ್ನು ಕರೆದುಕೊಂಡು ಬಂದೆ.

"ಅದು ನನ್ನ ಕರೀಲಿಕ್ಕೆ ಹತ್ತಿತ್ತು," ಎಂದು ಒಮ್ಮೆ ಹೇಳಿದರು. "ಹಾರ್ನ್ ಹೊಡ್ಯೂದಂದ್ರ ಏನು? ಕೊರಳಾಗಿಂದು ತಗೀರಿ, ಸುಡ್ತದ ಅಂತ ಒದರತಿತ್ತು. ನಾ ನಿಂತು ನೋಡಿದೆ."

ನಾನು ಸಮಾಧಾನ ಹೇಳುವುದರಲ್ಲಿ ಜಾಣೆಯಲ್ಲ. ಜಗಳಕ್ಕೆ ಕಾರಣ ಹುಡುಕುವುದರಲ್ಲಿ ಜಾಣೆ. ಅದೇ ಮಾದರಿಯ ಕಾರು ಇಟ್ಟುಕೊಂಡವರದ್ದು ಮೊಬೈಲಿನಲ್ಲಿ ಒಂದು ಗುಂಪಿತ್ತು, ಅದಕ್ಕೆ ಸೇರಿಕೊಂಡೆ. ಸೇರಿದ್ದು ಕಂಪನಿಗೆ ನಾಲ್ಕು ಬೈಯೋಣ ಎಂದು. ಆದರೆ ಬೈಯುವುದನ್ನು ಮರೆತು ಓದುತ್ತ ಕೂತೆ. ನಾಗಪುರದ ಒಬ್ಬರ ಕಾರಿನಲ್ಲಿ ಮುಂದಿನ ದೀಪಗಳೆಲ್ಲ ಒಟ್ಟಿಗೆ ಮಿಣುಕುತ್ತಿದ್ದವಂತೆ. ಕೊಚ್ಚಿಯ ಒಬ್ಬ ನರ್ಸಿಗೆ ಸಿಗ್ನಲ್ಲಿನಲ್ಲಿ ನಿಂತಾಗ ಸುಟ್ಟ ವಾಸನೆ ಬಂದಿತ್ತು, ಸರ್ವೀಸಿನವರು ಎರಡು ಸಲ ನೋಡಿ ಏನೂ ಇಲ್ಲವೆಂದು ಕಳಿಸಿದ್ದರು. ಸೊಲ್ಲಾಪುರದ ಒಬ್ಬರ ಕಾರಿನಲ್ಲಿ ಬಿಸಿಲಲ್ಲಿ ವೈಪರು ಆಡಿದ್ದವು. ಅದನ್ನು ಓದಿ ಬ್ಯಾಂಕಿನ ಕುರ್ಚಿಯಲ್ಲೇ ಬೆವತೆ. ಸುಟ್ಟ ಕಾರುಗಳ ಫೋಟೋಗಳಲ್ಲಿ ಜಾಗ ಒಂದೇ, ಬ್ಯಾಟರಿಯ ಹಿಂದಿನ ಮೂಲೆ. ಗುಂಪಿನಲ್ಲಿ ಖಂಡೇನವಮಿ ಗೊತ್ತಿಲ್ಲದವರೂ ಇದ್ದರು. ಅವರ್ಯಾರೂ ಎಂಜಿನ್ನಿಗೆ ವಸ್ತ್ರ ಏರಿಸಿದವರಲ್ಲ.

ಒಂದು ಸಂಜೆ ಅಡುಗೆಮನೆಯಲ್ಲಿ ನಿಂತು ಯಾರೋ ಹಾಕಿದ ವಿಡಿಯೋ ಒತ್ತಿದೆ. ಉರಿಯುವ ಕಾರು, ಖಾಲಿ ರಸ್ತೆ, ಮತ್ತು ಹಾರ್ನ್. ಅದೇ ಒಂದೇ ಸಮನೆಯ ಕೂಗು. ಮೆಂತ್ಯ ಪಲ್ಯ ಸೋಸುತ್ತ ಎಲೆ ಬಿಡಿಸುತ್ತಿದ್ದ ಅತ್ತೆಯ ಕೈಯಿಂದ ಬುಟ್ಟಿ ಬಿತ್ತು.

"ನಮ್ಮ ಗಾಡಿ," ಅಂದರು.

"ಅಲ್ರಿ ಅತ್ತಿಯವರ, ಇದು ನಾಗಪುರದ್ದು. ನೋಡ್ರಿ ಇಲ್ಲಿ, ನಮ್ಮ ಗಾಡಿ ಬಣ್ಣನೂ ಅಲ್ಲ. ಇಷ್ಟು ಮಂದಿ ಗಾಡಿ ಸುಟ್ಟಾವ. ಯಾರೂ ಹತ್ತಿ ಇಟ್ಟಿದ್ದಿಲ್ಲ. ನಿಮ್ಮಿಂದ ಆಗಿಲ್ಲ ಅದು."

ಅವರು ನೆಲದ ಮೇಲಿನ ಸೊಪ್ಪನ್ನು ಎಲೆ ಎಲೆಯಾಗಿ ಆರಿಸಿ ಬುಟ್ಟಿಗೆ ಹಾಕಿದರು. "ಅವರ ಗಾಡಿ ಯಾಕ ಸುಟ್ವೋ ಅವರಿಗೆ ಗೊತ್ತು," ಅಂದರು. "ನಮ್ಮದರಾಗ ಹತ್ತಿ ಇತ್ತು."

ಹತ್ತಿ ಇತ್ತು ಎಂಬುದು ನನಗೂ ನಿಜವೇ.

ಅದಕ್ಕೆ ಉತ್ತರ ಗಂಡನ ಬಳಿ ಇದ್ದೀತೆಂದು ಆ ರವಿವಾರ ಅವರನ್ನು ಕೂರಿಸಿ ಫೋಟೋಗಳನ್ನೆಲ್ಲ ತೋರಿಸಿದೆ. ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ಇವರು ಮೊಬೈಲು ಕೈಗೆ ತೆಗೆದುಕೊಳ್ಳಲಿಲ್ಲ.

"ನೋಡೀನಿ," ಅಂದರು. "ನಿನಕಿಂತ ಮೊದಲೇ ನೋಡೀನಿ. ಆ ಮೂಲ್ಯಾಗ ವಾಯರಿನ ಕಟ್ಟು ಹೊಳ್ಳಿ ತಿರುಗತದ. ಒಂದು ಕಬ್ಬಿಣದ ಪಟ್ಟಿಗೆ ತಿಕ್ಕಿ ಸವೀತದ, ಶಾರ್ಟ್ ಆಗತದ. ಮೊದಲು ಅಲ್ಲಿ ಕಟ್ಟಿನ ಸುತ್ತ ಕೊಳವಿ ಹಂಗ ದಪ್ಪ ಸ್ಲೀವ್ ಹಾಕ್ತಿದ್ವಿ, ಆಮ್ಯಾಲೆ ಬರೇ ಟೇಪ್ ಸಾಕು ಅಂತ ಆತು."

"ನೀವು ಅಂದ್ರ? ಅದರ ವೈರಿಂಗ್ ನಿಮ್ಮ ಕಾರ್ಖಾನಿದಾ?"

"ನಾವೂ ಮಾಡ್ತೀವಿ, ಇನ್ನೊಂದು ಕಾರ್ಖಾನಿಯವರೂ ಮಾಡ್ತಾರ. ನಮ್ಮ ಗಾಡ್ಯಾಗ ಇದ್ದದ್ದು ಯಾರದೋ. ಅದರ ಲೇಬಲ್ ಸುಟ್ಟು ಹೋಗ್ಯದ."

"ಟೇಪ್ ಸಾಕು ಅಂತ ಒಪ್ಪಿದವರು ಯಾರ್ರಿ?"

"ಪರೀಕ್ಷಾ ಮಾಡಿದವ ನಾನೇ. ಪರೀಕ್ಷಾದಾಗ ಪಾಸ್ ಆಗಿತ್ತು."

ಅದನ್ನು ಹೇಳುವಾಗ ಅವರ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇತ್ತು. ಬೆಂಕಿಯ ವಾರವೇ ಮೇಲಿನವರಿಗೆ ಹೇಳಿದ್ದರಂತೆ, ತಿಂಗಳುಗಟ್ಟಲೆ ಹಿಂದೆ ಬಿದ್ದ ಮೇಲೆ ಸ್ಲೀವ್ ತಿರುಗಿ ಬಂದಿತ್ತಂತೆ. ಆದರೆ ನಡುವೆ ಮಾರಿಹೋದ ಕಾರುಗಳು ರಸ್ತೆಯ ಮೇಲೆಯೇ ಇದ್ದವು. ಅವುಗಳನ್ನು ಕರೆಸಿ ಸರಿಮಾಡಿಸುವುದು ಕಾರಿನ ಕಂಪನಿಯ ಕೆಲಸ, ಅವರು ಇನ್ನೂ ವಿಚಾರ ಮಾಡುತ್ತಿದ್ದಾರೆ ಎಂದರು. ಇವರು ರಸ್ತೆ ದಾಟುವಾಗ ಒಮ್ಮೊಮ್ಮೆ ಹಾವು ಕಂಡವರ ಹಾಗೆ ಥಟ್ಟನೆ ನಿಲ್ಲುವುದು ಯಾಕೆಂದು ನನಗೆ ಆಗ ತಿಳಿಯಿತು. ಅದೇ ಮಾದರಿಯ ಕಾರು ಎದುರಿಗೆ ಬಂದರೆ ಅದರ ವೈಪರು ನೋಡುತ್ತಿದ್ದರು.

ನನಗೆ ಮರುಕ ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. "ಇದನ್ನ ಅವರಿಗೆ ಹೇಳ್ರಿ. ಮುದುಕಿ ತಾನೇ ಸುಟ್ಟೀನಿ ಅಂತ ಕೊರಗ್ತಾರ. ದೇವರ ಮುಂದ ದೀಪ ಸುದ್ದಾ ಹಚ್ಚವಲ್ಲರು. ನೀವು ನೋಡಕೋತ ಕೂತೀರಿ."

"ಹೇಳ್ತೀನಿ," ಅಂದರು.

ಹೇಳಲಿಲ್ಲ. ಯುಗಾದಿ ಬಂತು ಹೋಯಿತು, ಮಳೆಗಾಲದಲ್ಲಿ ಪಂಢರಪುರಕ್ಕೆ ಹೋಗುವ ಪಲ್ಲಕ್ಕಿಯೂ ಬಂತು ಹೋಯಿತು. ಊಟಕ್ಕೆ ಕೂತಾಗ ನಾನು ಕಣ್ಣಲ್ಲೇ ಕೇಳುತ್ತಿದ್ದೆ, ಅವರು ತಟ್ಟೆಯತ್ತ ಬಾಗುತ್ತಿದ್ದರು. ನಾನೇ ಹೇಳಿಬಿಡಬಹುದಿತ್ತು. ಆದರೆ ಸೊಸೆ ಹೇಳಿದರೆ ಅದು ಸಮಾಧಾನದ ಮಾತಾಗುತ್ತದೆ, ಮಗ ಹೇಳಿದರೆ ಮಾತ್ರ ಅವರು ನಂಬಿಯಾರು. ಒಂದೇ ಮನೆಯಲ್ಲಿ ಇಬ್ಬರು ಒಂದೇ ಬೆಂಕಿಯನ್ನು ಬೇರೆ ಬೇರೆ ಹೊತ್ತುಕೊಂಡು ತಿರುಗುತ್ತಿದ್ದರು, ನಡುವೆ ನಾನು ಬಡಿಸುತ್ತಿದ್ದೆ.

ಗಣಪತಿ ಹಬ್ಬ ಮುಗಿದ ಮೇಲೆ ಹಳೆಯದೊಂದು ಕಾರು ಕೊಂಡೆವು, ಬೇರೆ ಕಂಪನಿಯದು. ಕೊಳ್ಳುವಾಗ ಇವರು ಬಾನೆಟ್ಟಿನೊಳಗೆ ತಲೆ ಹಾಕಿ ಬಹಳ ಹೊತ್ತು ನೋಡಿ, "ಇದರಾಗ ನಮ್ಮದೇನೂ ಇಲ್ಲ" ಅಂದರು. ಮಾರುವವನಿಗೆ ಅರ್ಥವಾಗಲಿಲ್ಲ. ಅತ್ತೆ ಅದರಲ್ಲಿ ಕೂರಲಿಲ್ಲ. ದಿನಾ ಸಂಜೆ ಅಂಗೈ ಇಟ್ಟು ನೋಡಿ ಬರುತ್ತಿದ್ದರು, ಅಷ್ಟೇ.

ಖಂಡೇನವಮಿಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಈಳಿಗೆಮಣೆಗೂ ಮಿಕ್ಸರಿಗೂ ಬರೀ ಹೂವು. ವಸ್ತ್ರವಿಲ್ಲದೆ ಅವು ಬೋಳು ಬೋಳಾಗಿ ಕಂಡವು. ಕೆಳಗೆ ಎಲ್ಲರೂ ಕಾರು ತೊಳೆದು ಚೆಂಡುಹೂವಿನ ಹಾರ ಹಾಕುತ್ತಿದ್ದರು. ಇವರು ಮೇಲೆ ಬಂದು, "ಅವ್ವಾ, ಸ್ವಲ್ಪ ಕೆಳಗ ಬಾ" ಅಂದರು. ಅತ್ತೆ ಒಲ್ಲೆ ಅಂದರು. ಇವರು ಬಾಗಿಲಲ್ಲೇ ನಿಂತರು. ತಾಯಿ ಎದುರಿಗೆ ಅವರು ಹಾಗೆ ಹಟ ಹಿಡಿದು ನಿಂತದ್ದನ್ನು ನಾನು ಮೊದಲ ಸಲ ನೋಡಿದೆ. ಅತ್ತೆ ನನ್ನ ಭುಜ ಹಿಡಿದುಕೊಂಡು ಇಳಿದು ಬಂದರು.

ಇವರು ಬಾನೆಟ್ ಎತ್ತಿದರು. ಅತ್ತೆ ಹಿಂದೆ ಸರಿದರು, ಅವರ ಉಗುರು ನನ್ನ ಭುಜಕ್ಕೆ ನಾಟಿತು. ಇವರು ಆಫೀಸಿನ ಚೀಲದೊಳಗಿಂದ ಒಂದು ಪ್ಲಾಸ್ಟಿಕ್ ಹಾಳೆಯ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಉದ್ದನೆಯ ಗೆಜ್ಜೆವಸ್ತ್ರ. ಸ್ವಲ್ಪ ಹಳದಿಗೆ ತಿರುಗಿತ್ತು, ಒಂದು ಎಳೆಯೂ ಸುಟ್ಟಿರಲಿಲ್ಲ. ಕುಂಕುಮ ಒಂದು, ಅರಿಷಿಣ ಒಂದು, ಬೊಟ್ಟುಗಳು ಹಾಗೇ ಇದ್ದವು.

"ಪ್ರತಿ ವರ್ಷ ತಗೀತಿದ್ದೆ ಅವ್ವಾ," ಅಂದರು. "ದಸರಾ ಮುಗಿಸಿ ಡ್ಯೂಟಿಗೆ ಹೋಗೂ ಮುಂದ ತಗೀತಿದ್ದೆ. ಇಡಬ್ಯಾಡ ಅಂತ ನಿನಗ ಹೇಳೂ ಧೈರ್ಯ ಇರಲಿಲ್ಲ. ದೇವರದು, ಒಗೀಲಿಕ್ಕೂ ಆಗಲಿಲ್ಲ. ಕಾರ್ಖಾನಿಯೊಳಗ ನನ್ನ ಕಪಾಟಿನ್ಯಾಗ ಎಲ್ಲಾ ಹಂಗೇ ಇಟ್ಟೀನಿ. ಇದು ಹೋದ ವರ್ಷದ್ದು. ಸುಟ್ಟ ದಿನ ಗಾಡ್ಯಾಗ ಹತ್ತಿ ಇರಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಆ ಅಂಗಳದಲ್ಲಿ ತಾಯಿ ಕೈ ಎತ್ತಿ ನಿಂತಾಗ ಇದನ್ನು ಹೇಳಬಹುದಿತ್ತು, ಆ ಸಂಜೆ ಹೇಳಬಹುದಿತ್ತು. ಒಂದು ವರ್ಷ ಮುದುಕಿಯನ್ನು ಬೇಯಿಸಿದರಲ್ಲ ಎಂದು, ಸುತ್ತ ಜನರಿಲ್ಲದಿದ್ದರೆ ನಾನು ಏನು ಅಂದುಬಿಡುತ್ತಿದ್ದೆನೋ.

ಅತ್ತೆ ವಸ್ತ್ರವನ್ನು ಕೈಗೆ ತೆಗೆದುಕೊಂಡು ಒಂದೊಂದೇ ಬೊಟ್ಟನ್ನು ಬೆರಳಿಂದ ಮುಟ್ಟುತ್ತ ಕೊನೆಯವರೆಗೆ ಹೋದರು. "ಮತ್ತ ಯಾಕ ಹೇಳಲಿಲ್ಲೋ?" ಅಂದರು.

"ಹತ್ತಿ ಅಲ್ಲ ಅಂದಿದ್ರ, ಮತ್ತೇನು ಅಂತ ಕೇಳ್ತಿದ್ದಿ."

ಆಮೇಲೆ ಅವರು ಅಲ್ಲಿಯೇ, ಹಾರ ಹಾಕಿದ ಕಾರುಗಳ ನಡುವೆ ನಿಂತು, ನನಗೆ ಹೇಳಿದ್ದನ್ನೆಲ್ಲ ತಾಯಿಗೂ ಹೇಳಿದರು. ವಾಯರಿನ ಕಟ್ಟು, ಸ್ಲೀವು, ತಾವು ಮಾಡಿದ ಪರೀಕ್ಷೆ, ಸುಟ್ಟುಹೋದ ಲೇಬಲ್ಲು. ಪಕ್ಕದ ಮನೆಯವರು ತೆಂಗಿನಕಾಯಿ ಒಡೆದರು, ಯಾರೋ ಹಬ್ಬದ ಖುಷಿಗೆ ಹಾರ್ನ್ ಒತ್ತಿದರು. ನಾವು ಮೂವರೂ ಬೆಚ್ಚಿಬಿದ್ದೆವು.

ಅತ್ತೆ ಅಂಗೈಯನ್ನು ಮಗನ ಹಣೆಯ ಮೇಲಿಟ್ಟರು, ದಿನಾ ಸಂಜೆ ಬಾನೆಟ್ಟುಗಳ ಮೇಲೆ ಇಡುತ್ತಿದ್ದ ಹಾಗೆಯೇ. ಬಹಳ ಹೊತ್ತು ತೆಗೆಯಲಿಲ್ಲ.

"ನನ್ನ ಕೈಯಿಂದ ಆಗಿಲ್ಲ ಅನ್ನೂದನ್ನ ನೀ ತಂದು ತೋರಿಸಿದಿ," ಅಂದರು. "ನಿನ್ನ ಕೈಯಿಂದ ಆಗಿಲ್ಲ ಅನ್ನೂದನ್ನ ಎಲ್ಲಿಂದ ತರೋಣೋ ಮಗನ?"

ಬಾನೆಟ್ ತೆರೆದೇ ಇತ್ತು. ಅದನ್ನು ಮುಚ್ಚಲು ಮೂವರಲ್ಲಿ ಯಾರೂ ಕೈ ಚಾಚಲಿಲ್ಲ.